ಬಾಳಮ್ಮನ ಜೋಡಿ

ಬಾಳಮ್ಮ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ, ಮುದುಕಿ ಅಷ್ಟು ಒಳ್ಳೆಯವಳಾಗಿದ್ದರೆ ಹೀಗ್ಯಾಕೆ ಮಾಡಿದಳು ಅಂತ ತಕರಾರು ತೆಗೆಯಬಾರದು. ತಪ್ಪು ನಡೆದದ್ದು ೧೯೭೭ರ ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ, ನೆಲೋಗಿಯಲ್ಲಿ, ಅವಳ ಸ್ವಂತ ಅಂಗಳದಲ್ಲಿ. ಆ ದಿನ ಬೆಳಿಗ್ಗೆ ಸೊಸೆ ರೇವಮ್ಮ ಹೆಣ್ಣು ಹಡೆದಳು. ಕೂಸಿಗೆ ಸಕ್ಕುಬಾಯಿ ಅಂತ ಹೆಸರಿಡುವುದು ಮೊದಲೇ ನಿಶ್ಚಯವಾಗಿತ್ತು. ಇನ್ನೂ ಆಗಬೇಕಾಗಿದ್ದದ್ದು ಅದರ ಜೋಡಿ ಯಾರು ಎನ್ನುವುದು.

ಜೋಡಿ ಕಟ್ಟುವುದು ಬಾಳಮ್ಮ ತವರಿನಿಂದ ತಂದ ಪದ್ಧತಿ. ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ, ಕೆಲವರು ನಗುತ್ತಲೂ ಇದ್ದರು. ಮನೆಯಲ್ಲಿ ಹೆಣ್ಣು ಹುಟ್ಟಿದರೆ, ಅದೇ ದಿನ ಹೊತ್ತು ಮುಳುಗುವುದರೊಳಗೆ ಕೊಟ್ಟಿಗೆಯಲ್ಲೋ ಹಿತ್ತಲಲ್ಲೋ ಹುಟ್ಟಿದ ಒಂದು ಜೀವವನ್ನು ಹುಡುಕಿ, ಒಂದೇ ಅರಿಶಿನದ ದಾರವನ್ನು ಎರಡು ತುಂಡು ಮಾಡಿ ಇಬ್ಬರಿಗೂ ಕಟ್ಟುವುದು. ಅಲ್ಲಿಂದ ಇಬ್ಬರೂ ಜೋಡಿ, ಒಂದೇ ವಾರಿಗೆಯವರು, ಅಂದರೆ ಸಮವಯಸ್ಸಿನವರು. ಹುಡುಗಿಯ ಮದುವೆಯ ದಿನ ಅವಳ ಜೋಡಿ ಹಂದರದ ಕೆಳಗೆ ನಿಂತಿರಬೇಕು. ಅದು ಮೊದಲೇ ಸತ್ತರೆ ಹುಡುಗಿಯ ಬಾಳು ಒಂಟಿ ಅಂತ ನಂಬಿಕೆ. ಬಾಳಮ್ಮನ ಜೋಡಿ ಒಂದು ಎಮ್ಮೆ. ಹದಿನಾರರ ಬಾಳಮ್ಮನ ಮೇಲೆ ಅಕ್ಕಿಕಾಳು ಬೀಳುವಾಗ ಆ ಎಮ್ಮೆ ಹಂದರದ ಹಸಿರು ಸೊಪ್ಪನ್ನೆಲ್ಲ ತಿಂದು ಮುಗಿಸಿತ್ತು. ಎಮ್ಮೆ, ಆಕಳು ಹದಿನೆಂಟಿಪ್ಪತ್ತು ವರ್ಷ ಬದುಕುವುದರಿಂದ ಈ ಪದ್ಧತಿ ಯಾರಿಗೂ ಎಂದೂ ಕಾಟ ಕೊಟ್ಟಿರಲಿಲ್ಲ.

ಸಕ್ಕು ಹುಟ್ಟಿದ ದಿನ ಕೊಟ್ಟಿಗೆಯಲ್ಲಿ ಎಮ್ಮೆ ತುಂಬಿದ ಹೊಟ್ಟೆ ಹೊತ್ತು ನಿಂತಿತ್ತು, ಆದರೆ ಈಯಲಿಲ್ಲ. ಹಿತ್ತಲಿನ ಒಣ ಜೋಳದ ಕಣಕಿ ಬಣಿವೆಯ ಸಂದಿಯಲ್ಲಿ ಕಾವಲು ನಾಯಿ ಮಾತ್ರ ನಾಲ್ಕು ಮರಿ ಹಾಕಿತ್ತು. ಹೆರಿಗೆ ಮಾಡಿಸಲು ಬಂದಿದ್ದ ಸೂಲಗಿತ್ತಿ ಜೈತುನಬಿ ಕೈ ತೊಳೆಯುತ್ತ ಹೇಳಿದಳು, "ಎರಡ ದಿನ ತಡಿಯಬೇ ಬಾಳಮ್ಮ. ಎಮ್ಮಿ ಈಯತದ. ಒಂದೆರಡ ದಿನದಾಗ ಏನ್ ಮುಳುಗಿ ಹೋಗತದ?"

"ಪದ್ಧತಿ ಅಂದರ ಪದ್ಧತಿ. ಹೊತ್ತು ಮುಳುಗೂದರಾಗ ಆಗಬೇಕು," ಅಂದಳು ಬಾಳಮ್ಮ. ಬಣಿವೆಗೆ ಕೈ ಹಾಕಿ, ಕಣ್ಣು ಬಿಡದ ಒಂದು ಕೆಂಪು ಹೆಣ್ಣುಮರಿಯನ್ನು ಎತ್ತಿ ತಂದು ದಾರ ಕಟ್ಟಿದಳು. ಅದಕ್ಕೆ ಕೆಂಪಿ ಅಂತ ಹೆಸರಾಯಿತು. ಎಮ್ಮೆ ಮೂರನೆಯ ದಿನ ಚೆಂದದ ಹೆಣ್ಣುಕರು ಹಾಕಿತು. ಜೈತುನಬಿ ಅದನ್ನು ನೋಡಿ, ಬಾಳಮ್ಮನ ಮುಖ ನೋಡಿದಳು.

ಬಾಳಮ್ಮ ಹಾಗೇ ಇದ್ದಳು. ನಲವತ್ತಕ್ಕೆ ಗಂಡನನ್ನು ಕಳಕೊಂಡು, ಎಂಟೆಕರೆ ಕರಿ ಹೊಲವನ್ನು ತಾನೇ ನಿಂತು ಬಿತ್ತಿಸಿ, ಮಗ ಚಂದ್ರಾಮನನ್ನು ಗಂಡಸು ಮಾಡಿದವಳು. ತವರು ಭೂಸನೂರ, ತೊಗರಿ ಮಾರಲು ಜೇವರ್ಗಿ, ಹರಕೆಗೆ ಗಾಣಗಾಪುರ, ಇವು ಮೂರು ಬಿಟ್ಟರೆ ಬೇರೆ ಊರು ಕಂಡವಳಲ್ಲ. ಆಡಿದ ಮಾತು ತಿರುಗಿಸುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಚಂದ್ರಾಮ ಮೂವತ್ತರ ಗಂಡಸಾಗಿಯೂ ಅವ್ವನ ಮುಂದೆ ರುಮಾಲು ಸರಿಮಾಡಿಕೊಂಡೇ ಮಾತಾಡುತ್ತಿದ್ದ.

ಮೊದಲ ಒಂದೆರಡು ತಿಂಗಳು ಸಕ್ಕು ಮತ್ತು ಕೆಂಪಿ ಒಂದೇ ಕೌದಿಯ ಮೇಲೆ ಮಲಗಿದವು. ಆಮೇಲೆ ಕೆಂಪಿ ಓಡತೊಡಗಿತು, ಸಕ್ಕು ಮಲಗಿದಲ್ಲೇ ಕಾಲು ಬಡಿಯುತ್ತಿತ್ತು. ಸಕ್ಕು ಗೋಡೆ ಹಿಡಿದು ಮೊದಲ ಹೆಜ್ಜೆ ಇಟ್ಟ ವಾರವೇ ಕೆಂಪಿ ಐದು ಮರಿ ಹಾಕಿತು. ಬಾಳಮ್ಮನಿಗೆ ಆಗ ಅದು ತಮಾಷೆ. ಮೊಮ್ಮಗಳ ಗಲ್ಲ ಹಿಂಡಿ, "ನೋಡ ಪೋರಿ, ನಿನ್ನ ವಾರಿಗಿಯಾಕಿ ಬಾಣಂತಿ ಆಗಿ ಕುಂತಾಳ. ನೀ ಇನ್ನಾ ಮೂಗ ಸೋರಸಾಕತ್ತಿ," ಅಂತ ಕಾಡುತ್ತಿದ್ದಳು. ಸಕ್ಕುವಿಗೆ ನಾಲ್ಕಾದಾಗ ಕೆಂಪಿ ಆ ಓಣಿಗೇ ದೊಡ್ಡ ಹೆಣ್ಣು. ತೊಗರಿ ಹೊಲಕ್ಕೆ ಹಂದಿ ಹಾಯುವ ಧೈರ್ಯ ಮಾಡುತ್ತಿರಲಿಲ್ಲ. ಸಕ್ಕುವಿನ ಹಾಲುಹಲ್ಲು ಬೀಳತೊಡಗಿದ ವರ್ಷ ಕೆಂಪಿಯ ಮೂತಿಯ ಸುತ್ತ ಬಿಳಿಗೂದಲು ಬಂತು. ಬಾಳಮ್ಮ ಅದನ್ನು ಜೋಳದ ಹಿಟ್ಟೆಂದುಕೊಂಡು ಸೆರಗಿನಿಂದ ಒರೆಸಿದಳು. ಅದು ಹೋಗಲಿಲ್ಲ.

ಅವತ್ತಿನಿಂದ ಬಾಳಮ್ಮನ ನಗೆ ಸ್ವಲ್ಪ ಕಡಿಮೆಯಾಯಿತು. ಸಕ್ಕುವಿಗೆ ಹತ್ತು ತುಂಬುವ ಹೊತ್ತಿಗೆ ಕೆಂಪಿಯ ಹಿಂಗಾಲು ಸೆಟೆದುಕೊಂಡವು, ಕಣ್ಣಿಗೆ ಮಬ್ಬು ಬಂತು, ಹೊಲದ ಅರ್ಧ ದಾರಿಗೇ ಕುಳಿತುಬಿಡುತ್ತಿತ್ತು. ಬಾಳಮ್ಮ ಹಾಲು ಹಾಕಿದಳು, ಬೆಲ್ಲ ಹಾಕಿದಳು, ಯಾರಿಗೂ ಕಾಣದಂತೆ ಕೋಳಿತತ್ತಿಯನ್ನೂ ಹಾಕಿದಳು. ಏನು ಹಾಕಿದರೂ ನಾಯಿ ದಿನದಿನಕ್ಕೆ ಇಳಿಯುತ್ತಲೇ ಹೋಯಿತು. ಇದು ಸತ್ತರೆ ತನ್ನ ಮೊಮ್ಮಗಳ ಬಾಳು ಒಂಟಿ. ಬಾಳಮ್ಮನ ಎದೆಯಲ್ಲಿ ಆ ಹೆದರಿಕೆ ಕೂತಿತು, ಹೆದರಿದ ಮನುಷ್ಯರು ಮಾಡುವಂಥದ್ದನ್ನೇ ಅವಳೂ ಮಾಡಿದಳು.

ಭೂಸನೂರದಲ್ಲಿ ಅವಳ ತಮ್ಮ ಬಸವಂತರಾಯ ಇದ್ದ. ಕಬ್ಬು ಬೆಳೆದು ನಾಲ್ಕು ಕಾಸು ಕಂಡು, ಆ ನಾಲ್ಕು ಕಾಸಿನಷ್ಟೇ ಗತ್ತು ಬೆಳೆಸಿಕೊಂಡಿದ್ದವ. ಅವನಿಗೆ ಹದಿನೇಳರ ಮೊಮ್ಮಗ. ಬಾಳಮ್ಮ ಹೇಳಿಕಳಿಸಿದಳು, ಬಸವಂತರಾಯ ಬಂದು ಬಾನ ಉಂಡ, ಮಾತು ಮುಗಿಯಿತು. ಸಂಕ್ರಮಣ ದಾಟಿದ ಮೇಲೆ ನಿಶ್ಚಯ, ವೈಶಾಖದಲ್ಲಿ ಮದುವೆ. ಸಕ್ಕು ಆಗ ಐದನೆಯ ತರಗತಿ. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಆ ಸಾಲಿಯಲ್ಲಿ ಇರಲಿಲ್ಲ. ಮದುವೆ ಅಂದರೆ ಹೊಸ ಲಂಗ ಅಂತಷ್ಟೇ ಅವಳಿಗೆ ಗೊತ್ತಿತ್ತು.

ರೇವಮ್ಮ ಅತ್ತೆಯ ಮುಂದೆ ದನಿ ಎತ್ತಿದ್ದು ಆ ದಿನವೇ ಮೊದಲು. "ಅತ್ತಿ, ಅದಿನ್ನಾ ಕೂಸು. ಜಡಿ ಹಾಕ್ಕೊಳ್ಳಾಕ ಬರೂದಿಲ್ಲ ಅದಕ್ಕ."

"ನಾ ಏನ್ ಅಕಿನ್ನ ಬಾವಿಗಿ ನೂಕಾಕತ್ತೇನೇನು? ನನ್ನ ತಮ್ಮನ ಮನಿ. ಕೆಂಪಿ ಕಣ್ಣ ಮುಚ್ಚೂದರಾಗ ನಾಕ ಅಕ್ಕಿಕಾಳ ಬಿದ್ದರ ಸಾಕು. ದೊಡ್ಡಾಕಿ ಆಗೂತನಕ ಇಲ್ಲೇ ಇರತಾಳ."

"ಸಾಲಿ?"

"ಮದವಿಯಾದ ಪೋರಿಗಿ ಎಂಥಾ ಸಾಲಿ," ಅಂದಳು ಬಾಳಮ್ಮ. ರೇವಮ್ಮ ಚಂದ್ರಾಮನ ಕಡೆ ನೋಡಿದಳು. ಚಂದ್ರಾಮ ಹಗ್ಗ ಹೊಸೆಯುತ್ತ ಕುಳಿತಿದ್ದವ ತಲೆ ಎತ್ತಲಿಲ್ಲ. ಅವನಿಗೆ ಮನಸ್ಸಿರಲಿಲ್ಲ, ಆದರೆ ಅವ್ವನಿಗೆ ಅದನ್ನು ಹೇಳುವ ಬಾಯಿಯೂ ಇರಲಿಲ್ಲ. ಇಂಥ ಗಂಡಸರನ್ನು ಕಂಡರೆ ಸಿಟ್ಟು ಬರುತ್ತದೆ, ಏನು ಮಾಡುವುದು, ಬಹಳ ಮನೆಗಳಲ್ಲಿ ಇಂಥವರೇ ಇರುತ್ತಾರೆ. ರೇವಮ್ಮ ಆ ವಾರವೆಲ್ಲ ರೊಟ್ಟಿಯನ್ನು ಓಣಿಯ ತುದಿಗೆ ಕೇಳುವಂತೆ ಬಡಿದಳು.

ವೈಶಾಖಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ನಾಯಿ ತಡೆಯಬೇಕಲ್ಲ. ಜೇವರ್ಗಿಯ ದನದ ದವಾಖಾನೆಯ ಕಂಪೌಂಡರ್ ಹುಸೇನಪೀರ ಪ್ರತಿ ಸೋಮವಾರ ಬಸ್ಸಿನಲ್ಲಿ ನೆಲೋಗಿಗೆ ಬಂದು ಎತ್ತು ಎಮ್ಮೆಗಳಿಗೆ ಸೂಜಿ ಹಾಕಿ ಹೋಗುತ್ತಿದ್ದ. ಬಾಳಮ್ಮ ಅವನನ್ನು ಬಸ್ಸಿನಿಂದ ಇಳಿದಲ್ಲೇ ಹಿಡಿದು ಮನೆಗೆ ಕರೆತಂದಳು. ಹುಸೇನಪೀರ ಕೆಂಪಿಯ ಬಾಯಿ ತೆರೆದು ನೋಡಿದ, ಕಣ್ಣಿನ ಮುಂದೆ ಬೆರಳಾಡಿಸಿದ, ಹಿಂಗಾಲು ಮಡಿಸಿ ನೋಡಿದ, ಕೊನೆಗೆ ಪೆಟ್ಟಿಗೆ ಮುಚ್ಚಿದ.

"ಬ್ಯಾನಿ ಏನೂ ಇಲ್ರಿ ಬಾಳಮ್ಮ. ಮುಪ್ಪು."

"ಎಂಥಾ ಮುಪ್ಪು? ನಮ್ಮ ಸಕ್ಕು ಹುಟ್ಟಿದ ದಿನಾನೇ ಹುಟ್ಟ್ಯಾದ. ಇಬ್ಬರದೂ ಒಂದ ಉಮರು."

ಹುಸೇನಪೀರ ನಗಲಿಲ್ಲ. ಅವನು ಹಳ್ಳಿಹಳ್ಳಿ ತಿರುಗಿ, ಯಾರ ಮುಂದೆ ನಗಬಾರದು ಅನ್ನುವುದನ್ನು ಕಲಿತಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ತಗೊಂಡು ನಿಧಾನಕ್ಕೆ ಹೇಳಿದ. "ನಾಯಿದು ನಮ್ಮಂಗ ನಡಿಯೂದಿಲ್ರಿ. ಜನ ಹೇಳತಾರ, ನಾಯಿದು ಒಂದ ವರ್ಷ ಅಂದರ ನಮ್ಮವು ಏಳು ಅಂತ. ಅದೂ ಬರೋಬ್ಬರಿ ಅಲ್ಲ. ಮೊದಲನೇ ವರ್ಷ ಅದು ಭಾಳ ಅವಸರ ಮಾಡತದ. ಒಂದ ವರ್ಷದಾಗ ನಮ್ಮ ಹದಿನೈದು ವರ್ಷದಷ್ಟು ಬೆಳದು ಬಿಡತದ. ಅದಕ್ಕ ನೋಡ್ರಿ, ವರ್ಷ ತುಂಬಿದರ ಮರಿ ಹಾಕತದ. ಎರಡನೇ ವರ್ಷ ಮತ್ತ ಒಂಬತ್ತು. ಅಲ್ಲಿಂದ ವರ್ಷಕ್ಕ ಐದೈದು. ಸಣ್ಣ ನಾಯಿ ಇದ್ದರ ಒಂಚೂರು ಕಮ್ಮಿ, ದೊಡ್ಡ ಜಾತಿ ಇದ್ದರ ಒಂಚೂರು ಹೆಚ್ಚು. ಇದು ಅಂದಾಜು, ಆದರ ಸುಳ್ಳಲ್ಲ."

ಅಂಗಳದಲ್ಲಿ ಪಾಟಿ ಹಿಡಿದು ಕುಳಿತಿದ್ದ ಸಕ್ಕುವಿಗೆ ಇದು ಸಾಲಿಯ ಲೆಕ್ಕದಂತೆಯೇ ಕೇಳಿಸಿತು. ಅವಳನ್ನು ಯಾರೂ ಕೇಳಿರಲಿಲ್ಲ. ಹದಿನೈದು, ಒಂಬತ್ತು, ಆಮೇಲೆ ಎಂಟು ಐದಲೆ ನಲವತ್ತು ಅಂತ ಬರೆದು ಕೂಡಿಸಿ, "ಅರವತ್ತನಾಕು," ಅಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ಆಯಿ, ನಿಂದು ಎಷ್ಟ ಉಮರು?"

ಬಾಳಮ್ಮನಿಗೆ ತನ್ನ ವಯಸ್ಸು ಅಂಕಿಯಲ್ಲಿ ಗೊತ್ತಿರಲಿಲ್ಲ. ರಜಾಕಾರರ ಗಲಾಟೆಯ ವರ್ಷ, ಅಂದರೆ ೧೯೪೮ರಲ್ಲಿ, ಚಂದ್ರಾಮ ಹೊಟ್ಟೆಯಲ್ಲಿದ್ದ, ಆಗ ತನ್ನ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮದುವೆಯಲ್ಲಿ ಹದಿನಾರು. ಇಷ್ಟು ಹೇಳಿದರೆ ಸಾಕಾಯಿತು, ಸಕ್ಕು ಮತ್ತೆ ಪಾಟಿ ಒರೆಸಿ ಬರೆದಳು. "ನಿಂದೂ ಅರವತ್ತನಾಕ ಆಯಿ. ನೀನು ಕೆಂಪಿ ಬರೋಬ್ಬರಿ ಅದೀರಿ."

"ಸಾಬ, ನೀ ದವಾ ಕೊಡಾಕ ಬಂದೀಯೋ ನಮ್ಮ ಪೋರಿಗಿ ಲೆಕ್ಕ ಕಲಸಾಕ ಬಂದೀಯೋ," ಅಂತ ಬಾಳಮ್ಮ ಹುಸೇನಪೀರನ ಮೇಲೆ ಹರಿಹಾಯ್ದಳು. ಅವನು ಒಂದಿಷ್ಟು ಗುಳಿಗೆ ಕೊಟ್ಟು, ಬಿಸಿಲಿನಲ್ಲಿ ಮಲಗಿಸಿರಿ ಅಂತ ಹೇಳಿ ಬಸ್ಸಿಗೆ ಹೋದ.

ಬಾಳಮ್ಮನ ಸಿಟ್ಟು ಎರಡು ದಿನ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ತನ್ನ ರೂಢಿಯಂತೆ ಮೂಡಣ ಗೋಡೆಗೆ ಬಿಸಿಲು ಕಾಯಿಸಲು ಬಂದರೆ, ಆ ಜಾಗದಲ್ಲಿ ಕೆಂಪಿ ಮಲಗಿತ್ತು. ಬಾಳಮ್ಮ ಅದರ ಪಕ್ಕಕ್ಕೇ ಕುಳಿತಳು. ಕೂರುವಾಗ ಮೊಣಕಾಲು ಹಿಡಿದು ನರಳಿದಳು. ಸ್ವಲ್ಪ ಹೊತ್ತಿಗೆ ನೆರಳು ಬಂತು ಅಂತ ಕೆಂಪಿ ಎದ್ದು ಜಾಗ ಬದಲಿಸಿತು, ಅದೂ ಹಾಗೆಯೇ ನರಳಿ ಕುಳಿತಿತು. ಬಾಳಮ್ಮ ಅದನ್ನು ನೋಡುತ್ತ ಉಳಿದಳು. ಎದುರು ಓಣಿಯಲ್ಲಿ ಸಕ್ಕು ಗೆಳತಿಯರ ಜೊತೆ ನೆಲದ ಮೇಲೆ ಗೆರೆ ಎಳೆದು, ಒಂದೇ ಕಾಲಲ್ಲಿ ಮನೆಯಿಂದ ಮನೆಗೆ ಜಿಗಿಯುವ ಆಟ ಆಡುತ್ತಿದ್ದಳು. ಬಿದ್ದಳು, ಎದ್ದಳು, ಮೊಣಕಾಲಿನ ಮಣ್ಣು ಕೊಡವಿ ಮತ್ತೆ ಜಿಗಿದಳು.

ಆಗ ಮುದುಕಿಗೆ ಹೊಳೆಯಿತು. ಸಾಬ ಹೇಳಿದ್ದು ಖರೆ. ಈ ನಾಯಿ ಸಕ್ಕುವಿನ ವಾರಿಗೆಯಾಗಿದ್ದದ್ದು ಕೌದಿಯ ಮೇಲೆ ಮಲಗಿದ್ದ ಆ ಒಂದೆರಡು ತಿಂಗಳಷ್ಟೇ. ಬಾಣಂತಿಯಾದಾಗ ಅದು ರೇವಮ್ಮನ ಬೆನ್ನು ಹತ್ತಿತ್ತು, ಆಮೇಲೆ ರೇವಮ್ಮನನ್ನೂ ದಾಟಿತು, ದಾಟಿ ದಾಟಿ ಈಗ ತನ್ನ ಮಗ್ಗುಲಿಗೆ ಬಂದು ಕುಳಿತಿದೆ. ಹತ್ತು ವರ್ಷ ಬಾಳಮ್ಮ ಅದನ್ನು ಕಣ್ಣಾರೆ ಕಂಡು ನಕ್ಕಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ. ವಾರಿಗೆಯವರೇ ಜೋಡಿ ಅಂತಾದರೆ, ಇದು ಈಗ ಯಾರ ಜೋಡಿ? ತನ್ನದೇ. ಜೋಡಿಯ ಸಾವು ಯಾರಿಗೆ ತಟ್ಟುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು; ಮದುವೆ, ಸಂಸಾರ ಎಲ್ಲ ಮುಗಿಸಿದ ಮುದುಕಿಯ ಹತ್ತಿರ ಅದು ಒಯ್ಯಲು ಉಳಿದದ್ದು ಜೀವವೊಂದೇ.

ನಿಶ್ಚಯದ ದಿನ ಬಸವಂತರಾಯ ತೆಂಗಿನಕಾಯಿ, ಖಣ, ಸೀರೆ ಹಿಡಿದು, ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಬಂದ. ಅವರನ್ನು ಕಂಬಳಿಯ ಮೇಲೆ ಕೂರಿಸಿ, ನೀರು ಕೊಟ್ಟ ಮೇಲೆ ಬಾಳಮ್ಮ ಒಳಗೆ ಹೋಗಿ ಒಂದು ಅರಿಶಿನದ ದಾರ ತಂದಳು. ಎಲ್ಲರ ಮುಂದೆ ಹಲ್ಲಿನಿಂದ ಅದನ್ನು ಎರಡು ತುಂಡು ಮಾಡಿದಳು. ಒಂದನ್ನು ಕೆಂಪಿಯ ಕೊರಳಿಗೆ ಕಟ್ಟಿದಳು, ಇನ್ನೊಂದನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಗಂಟು ಹಾಕು ಅಂತ ಚಂದ್ರಾಮನ ಮುಂದೆ ಚಾಚಿದಳು.

"ಅಕ್ಕ, ತಲಿ ನೆಟ್ಟಗ ಅದ ಇಲ್ಲೋ? ಮುಂಡಿ ಮನಿಷ್ಯಾಳು ಅರಿಶಿನ ಕಟಗೋತಾಳೇನು?" ಅಂದ ಬಸವಂತರಾಯ.

"ನಾಯಿಗಿ ಜೋಡಿ ಆಗಾಕ ಮುತ್ತೈದಿ ಆಗಿರಬೇಕೇನೋ? ಕೆಂಪಿದೂ ನಂದೂ ಒಂದ ಉಮರು. ಸರಕಾರಿ ಕಂಪೌಂಡರ ಹೇಳ್ಯಾನ, ಸಕ್ಕು ಲೆಕ್ಕಾ ಮಾಡ್ಯಾಳ. ಇಂದಿನಿಂದ ಅದು ನನ್ನ ಜೋಡಿ. ಅದು ಹೋದರ ನಾ ಹೋಗತೇನಿ, ನಂದು ಆಗ್ಯಾದ. ಪೋರಿಗಿ ಇನ್ನ ಜೋಡಿ ಇಲ್ಲ, ಅವಸರಾನೂ ಇಲ್ಲ."

"ಅಂದರ ಮದವಿ?"

"ಈಗ ಇಲ್ಲ."

ಬಸವಂತರಾಯ ಬಂದ ಹಿರಿಯರ ಮುಖ ನೋಡಿದ, ಅವರು ಮಾಳಿಗೆಯ ಜಂತಿ ನೋಡಿದರು. "ನಾಳಿ ಈ ಪೋರಿನ್ನ ಯಾರ್ ಮಾಡ್ಕೋತಾರ ನೋಡತೇನಿ," ಅಂತ ಹೇಳಿ, ಸೀರೆಯನ್ನು ಬಗಲಲ್ಲಿ ಒತ್ತಿಕೊಂಡು ಹೊರಟ. ಚಂದ್ರಾಮ ಮಾತ್ರ ಅಷ್ಟು ಹೊತ್ತೂ ತಾಯಿಯ ಮುಂಗೈ ಹಿಡಿದು ನಿಂತಿದ್ದ. ಗಂಟು ಹಾಕಿರಲಿಲ್ಲ. "ಯವ್ವ, ಹಿಂಗ ಹೇಳಬ್ಯಾಡ. ನೀ ಎಲ್ಲಿಗಿ ಹೋಗತಿ," ಅಂದ. ಬಾಳಮ್ಮ ಅವನನ್ನು ಬೈದು ಗಂಟು ಹಾಕಿಸಿಕೊಂಡಳು. ಆ ದಿನ ರೇವಮ್ಮ ಅತ್ತೆಯ ರೊಟ್ಟಿಗೆ ತುಪ್ಪ ಹಾಕುತ್ತಲೇ ಹೋದಳು, ಸಾಕು ಅಂದರೂ ನಿಲ್ಲಿಸಲಿಲ್ಲ. ಕಣ್ಣು ತುಂಬಿದ್ದರಿಂದ ಎಷ್ಟು ಹಾಕಿದೆ ಅನ್ನುವುದು ಅವಳಿಗೆ ಕಾಣುತ್ತಿರಲಿಲ್ಲ.

ಬಾಳಮ್ಮ ಇದನ್ನು ಬಾಯಿಮಾತಿಗೆ ಆಡಿರಲಿಲ್ಲ ಅನ್ನುವುದನ್ನು ತಿಳಿಯಬೇಕು. ಅವಳು ನಂಬಿದ್ದಳು. ಆ ವರ್ಷವೆಲ್ಲ ಅವಳು ಕೆಂಪಿಯನ್ನು ನೋಡಿದ್ದು, ತನ್ನ ಆಯುಷ್ಯ ಎಷ್ಟು ಉಳಿದಿದೆ ಅಂತ ನೋಡಿದಂತೆ. ಅದು ಉಣ್ಣದಿದ್ದರೆ ಇವಳಿಗೂ ಊಟ ಸೇರುತ್ತಿರಲಿಲ್ಲ. ಅದು ಎದ್ದು ಬಾಲ ಅಲ್ಲಾಡಿಸಿದ ದಿನ ಇವಳೂ ಹೊಲಕ್ಕೆ ಹೋಗಿ ಆಳುಗಳ ಜೊತೆ ಜಗಳ ಆಡಿ ಬರುತ್ತಿದ್ದಳು. ಸಕ್ಕು ಆರನೆಯ ತರಗತಿಗೆ ಹೋದಳು. ಆ ಒಂದು ಸಮಾಧಾನವನ್ನು ಬಾಳಮ್ಮ ದಿನವೂ ನೆನೆಯುತ್ತಿದ್ದಳು.

ಮರುವರ್ಷ ಎಳ್ಳಮಾವಾಸ್ಯೆಗೆ ಎಂಟು ದಿನ ಇರುವಾಗ, ಮೂಡಣ ಗೋಡೆಯ ಬಿಸಿಲಿನಲ್ಲಿ, ಬಾಳಮ್ಮನ ಕಾಲ ಮೇಲೆ ಮೂತಿ ಇಟ್ಟುಕೊಂಡು ಕೆಂಪಿ ಸತ್ತಿತು. ಹೆಚ್ಚು ಸಂಕಟ ಪಡಲಿಲ್ಲ. ಚಂದ್ರಾಮ ಹೊಲದ ಬದುವಿನಲ್ಲಿ ಅದನ್ನು ಹೂತು ಬಂದ. ಬಾಳಮ್ಮ ತಲೆಗೆ ಎರೆದುಕೊಂಡು, ತೊಳೆದಿಟ್ಟ ಸೀರೆ ಉಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದಳು. ಯಾರೂ ಅಳಬಾರದು ಅಂದಳು. ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಚಂದ್ರಾಮ ಬೇಡಿದ, ರೇವಮ್ಮ ಗಂಜಿ ಹಿಡಿದು ನಿಂತಳು, ಜೈತುನಬಿ ಬಂದು ಮಗ್ಗುಲಿಗೆ ಕುಳಿತು ಬೈದಳು. ಬಾಳಮ್ಮ ಮಾಳಿಗೆ ನೋಡುತ್ತ ಸಾವಿನ ದಾರಿ ಕಾದಳು. ಸಾವು ಬರಲಿಲ್ಲ, ಹಸಿವು ಮಾತ್ರ ಬಂತು. ಅದಕ್ಕೂ ಅವಳು ಬಗ್ಗಲಿಲ್ಲ.

ಮೂರನೆಯ ದಿನ ಸಕ್ಕು ಪಾಟಿ ತಂದು ಅವಳ ಎದೆಯ ಮೇಲೇ ಇಟ್ಟಳು. ಅತ್ತು ಅತ್ತು ಮುಖ ಬಾತಿತ್ತು, ಆದರೆ ಲೆಕ್ಕ ತಪ್ಪಿರಲಿಲ್ಲ.

"ಆಯಿ, ನೀ ತಪ್ಪ ತಿಳ್ಕೊಂಡೀದಿ. ಹೋದ ವರ್ಷ ನೀವಿಬ್ಬರೂ ಅರವತ್ತನಾಕು. ಈ ಒಂದ ವರ್ಷದಾಗ ಕೆಂಪಿಗಿ ಐದ ವರ್ಷ ಆದವು. ನಿನಗ ಒಂದ. ಅಕಿಗಿ ಅರವತ್ತೊಂಬತ್ತ ಆಗಿತ್ತು, ನಿನಗ ಅರವತ್ತೈದು. ಅಕಿ ನಿನ್ನ ದಾಟಿ ಮುಂದ ಹೋಗ್ಯಾಳ. ನನ್ನ ದಾಟಿದಂಗ, ಅವ್ವನ ದಾಟಿದಂಗ. ಅಕಿ ಸಾಯೂ ಮುಂದ ನಿನ್ನ ಜೋಡಿ ಇರಲಿಲ್ಲ."

ಬಾಳಮ್ಮ ಪಾಟಿಯನ್ನು ಕೈಗೆ ತಗೊಂಡಳು. ಓದಲು ಬರುತ್ತಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು. ಹುಸೇನಪೀರ ಹೇಳಿದ್ದೂ ಇದೇ, ವರ್ಷಕ್ಕೆ ಐದೈದು. ಮದುವೆ ಬಿಡಿಸಿದ ಲೆಕ್ಕವನ್ನು ಒಪ್ಪಿಕೊಂಡವಳು ಇದನ್ನು ಹೇಗೆ ಒಪ್ಪದಿರುತ್ತಾಳೆ? ಅಂಥ ಮೋಸ ಅವಳಿಗೆ ಬರುತ್ತಿರಲಿಲ್ಲ. ಮೊದಲ ಸಲ ಅವಳ ಕಣ್ಣಿನಿಂದ ನೀರು ಇಳಿಯಿತು. ಕೆಂಪಿಗಾಗಿ ಜೋರಾಗಿ, ಓಣಿಗೆಲ್ಲ ಕೇಳುವಂತೆ ಅತ್ತಳು. ಆಮೇಲೆ ಎದ್ದು ಕುಳಿತು ರೊಟ್ಟಿ ಕೇಳಿದಳು. ಒಂದಲ್ಲ, ಮೂರು ತಿಂದಳು.

ಮರುದಿನ ಅವಳು ಸಕ್ಕುವಿನ ಕೈ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಸಾಲಿಯ ಮೆಟ್ಟಿಲು ಹತ್ತಿದಳು. ಜಗದೇವಪ್ಪ ಮಾಸ್ತರರು ಕುರ್ಚಿ ಕೊಟ್ಟರೆ ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತಳು.

"ಈ ಪೋರಿ ಎಷ್ಟ ತನಕ ಓದಬಹುದರಿ ಮಾಸ್ತರ?"

"ಇಲ್ಲಿ ಏಳನೇ ಕ್ಲಾಸ್ ತನಕ ಅದ."

"ಅದರ ಮುಂದ?"

"ಜೇವರ್ಗಿಗಿ ಹೋದರ ಹತ್ತನೇದು. ಮತ್ತ ಎರಡ ವರ್ಷ ಕಾಲೇಜು."

"ಅದರ ಮುಂದ?"

"ಕಲಬುರಗಿ. ಮೂರ ವರ್ಷ." ಮಾಸ್ತರರಿಗೆ ಈಗ ನಗು ಬಂತು. "ಅದರ ಮುಂದಿಂದು ನನ್ನ ಕೇಳಬ್ಯಾಡ್ರಿ ಬಾಳಮ್ಮ. ಅಷ್ಟು ದೂರ ನಾನೂ ಹೋಗಿಲ್ಲ."

ಬಾಳಮ್ಮ ಮೊಮ್ಮಗಳ ಕಡೆ ತಿರುಗಿದಳು. "ಅಷ್ಟೂ ಮುಗಿಯೂದರಾಗ ನನಗ ಎಷ್ಟ ಆಗತದಬೇ?"

ಸಕ್ಕು ಬೆರಳು ಎಣಿಸಿದಳು. "ಎಪ್ಪತ್ತೈದು, ಆಯಿ."

ಮುದುಕಿ ಆ ಅಂಕಿಯನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಹಂಗಾದರ ಇರತೇನಿ ತಗೋ," ಅಂದು, ತೊಗರಿ ಹೊಲಕ್ಕೆ ಆಳು ಬಂದಾರೋ ಇಲ್ಲೋ ನೋಡಬೇಕೆಂದು ಮೆಟ್ಟಿಲು ಇಳಿದಳು.